ಬಿಸಿನೀರಿನ ಮೂರ್ಛೆ: ಹಂಡೆಯಿಂದ ವರ್ಣತಂತುವಿನವರೆಗೆ

(ಶಿರಾ ತಾಲ್ಲೂಕಿನ ಗೌಡಗೆರೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ದೀಪಾವಳಿಯ ಮೊದಲಿಗೆ ನೀರು ತುಂಬುವ ಹಬ್ಬ. ಅಂದು ಸಂಜೆ ಬಚ್ಚಲುಮನೆಗೆ ಎಲ್ಲಿಲ್ಲದ ಮರ್ಯಾದೆ. ಹಂಡೆಯನ್ನು ಹುಣಸೆಹಣ್ಣಿನಲ್ಲಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತಿ, ನೀರು ತುಂಬಿ ಪೂಜೆ ಮಾಡುತ್ತಾರೆ. ಮರುದಿನ ಕೋಳಿ ಕೂಗುವ ಹೊತ್ತಿಗೆ ಒಲೆ ಉರಿಯುತ್ತದೆ. ಮನೆಮಂದಿಗೆಲ್ಲ ಎಣ್ಣೆ ಒತ್ತಿ, ಸೀಗೆಪುಡಿ ಹಚ್ಚಿ, ಸುಡುಸುಡು ನೀರನ್ನು ನೆತ್ತಿಯ ಮೇಲೆ ಚೆಂಬುಗಟ್ಟಲೆ ಹೊಯ್ಯುತ್ತಾರೆ. ನೀರು ಬಿಸಿಯಿದ್ದಷ್ಟೂ ಮೈ ಹಗುರ ಎಂಬುದು ಹಳೆಯ ಮೈಸೂರು ಸೀಮೆಯ ಹಿರಿಯರ ನಂಬಿಕೆ.

ಕೆಲವು ಮನೆಗಳಲ್ಲಿ ಇದೇ ಸ್ನಾನ ದಿಗಿಲಿನ ಸಂಗತಿ. ಹುಡುಗ ನಾಲ್ಕಾರು ಚೆಂಬು ನೀರು ಹಾಕಿಕೊಳ್ಳುವಷ್ಟರಲ್ಲಿ ಕಣ್ಣು ಒಂದೇ ಕಡೆ ನೆಟ್ಟು ನಿಲ್ಲುತ್ತದೆ. ಕರೆದರೆ ಉತ್ತರವಿಲ್ಲ. ಅರ್ಥವಿಲ್ಲದ ಮಾತು ತೊದಲುತ್ತಾನೆ, ಇಲ್ಲವೇ ಕೈಕಾಲು ಸೆಟೆದು ಅದುರತೊಡಗುತ್ತವೆ. ಚೆಂಬು ಉರುಳಿದ ಸದ್ದಿಗೆ ತಾಯಿ ಓಡಿ ಬರುತ್ತಾಳೆ. ಒಬ್ಬರು ಕೈಗೆ ಕಬ್ಬಿಣದ ಬೀಗದಕೈ ಹಿಡಿಸುತ್ತಾರೆ, ಇನ್ನೊಬ್ಬರು ಮೂಗಿಗೆ ಈರುಳ್ಳಿ ಹಿಡಿಯುತ್ತಾರೆ. ಒಂದೆರಡು ನಿಮಿಷದಲ್ಲಿ ಹುಡುಗ ಎಚ್ಚರಗೊಳ್ಳುತ್ತಾನೆ. ಉಷ್ಣ ನೆತ್ತಿಗೇರಿತು ಎನ್ನುತ್ತಾರೆ, ಗಾಳಿ ಸೋಕಿತು ಎನ್ನುತ್ತಾರೆ. ಮುಂದಿನ ತಲೆಸ್ನಾನದವರೆಗೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಇದು ಅಪಸ್ಮಾರದ ಒಂದು ಬಗೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಬಿಸಿನೀರಿನ ಅಪಸ್ಮಾರ ಎಂದೇ ಹೆಸರು. ಜಗತ್ತಿನ ಬೇರೆಡೆ ಅಪರೂಪವಾದ ಈ ಕಾಯಿಲೆ ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕದ ದಕ್ಷಿಣದ ಜಿಲ್ಲೆಗಳಲ್ಲಿ, ಎದ್ದು ಕಾಣುವಷ್ಟಿದೆ. ಬೆಂಗಳೂರಿನ ಎರಡು ಸಂಸ್ಥೆಗಳ ವಿಜ್ಞಾನಿಗಳು ಇದರ ಬೇರನ್ನು ಮನುಷ್ಯನ ವರ್ಣತಂತುಗಳಲ್ಲಿ ಹುಡುಕಿದ್ದಾರೆ. ಅವರ ಕೆಲಸದ ಹಿಂದೆ ಯಾರು ಯಾರಿದ್ದರು ಎಂಬುದೇ ಇಂದಿನ ವಿಷಯ. ಪ್ರಯೋಗಶಾಲೆಯ ಚಿತ್ರಗಳಲ್ಲಿ ಬಿಳಿ ಕೋಟಿನವರಷ್ಟೇ ಕಾಣುತ್ತಾರೆ. ಕಾಣದವರು ಹೆಚ್ಚು ಮಂದಿ.

ಇಂಥ ರೋಗಿಯನ್ನು ಮೊದಲು ವರ್ಣಿಸಿದ್ದು ದೂರದ ನ್ಯೂಜಿಲೆಂಡಿನಲ್ಲಿ. 1945ರಲ್ಲಿ ಅಲೆನ್ ಎಂಬ ವೈದ್ಯರು, ಬಿಸಿನೀರು ಸೋಕಿದಾಗ ಮೂರ್ಛೆ ಹೋಗುತ್ತಿದ್ದ ಒಬ್ಬ ಹುಡುಗನ ಬಗ್ಗೆ ಬರೆದರು. ಆಮೇಲೆ ಜಪಾನ್, ಆಸ್ಟ್ರೇಲಿಯ, ಟರ್ಕಿಗಳಿಂದ ಒಂದೊಂದು, ಹತ್ತಾರು ಎಂಬಂತೆ ವರದಿಗಳು ಬಂದವು. ಬೆಂಗಳೂರಿನ ಲೆಕ್ಕವೇ ಬೇರೆ. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಮೊದಲ ವರದಿ ಪ್ರಕಟಿಸಿದರು. 1974ರ ಹೊತ್ತಿಗೆ ಅವರ ಪಟ್ಟಿಯಲ್ಲಿ 108 ರೋಗಿಗಳಿದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ರೋಗ ಹೊಸದಾಗಿ ಹುಟ್ಟಿದ್ದಲ್ಲ. ಕೇಳುವವರು ಹೊಸದಾಗಿ ಬಂದರು. ಮೂರ್ಛೆ ಬಂದವನನ್ನು ಆಸ್ಪತ್ರೆಗೆ ಕರೆತಂದರೆ ಎಷ್ಟು ಸಲ ಬಂತು, ನಾಲಿಗೆ ಕಚ್ಚಿಕೊಂಡನೆ ಎಂದು ಯಾವ ವೈದ್ಯರಾದರೂ ಕೇಳುತ್ತಾರೆ. ಎಲ್ಲಿ ಬಂತು, ಆಗ ಏನು ಮಾಡುತ್ತಿದ್ದ, ತಲೆಗೆ ನೀರು ಹೇಗೆ ಹಾಕಿದಿರಿ ಎಂದು ಕೇಳಬೇಕಾದರೆ ಈ ನಾಡಿನ ಬಚ್ಚಲು ಗೊತ್ತಿರಬೇಕು. ತೊಟ್ಟಿಯಲ್ಲಿ ಮಲಗಿ ಸ್ನಾನ ಮಾಡುವ ದೇಶದ ಪಠ್ಯಪುಸ್ತಕದಲ್ಲಿ ಆ ಪ್ರಶ್ನೆ ಇರುವುದಿಲ್ಲ. ಉತ್ತರ ಹೇಳಿದವರು ಹೆಚ್ಚಾಗಿ ತಾಯಂದಿರು, ಅಜ್ಜಿಯರು. ಹೋಗುತ್ತಿರುವ ಪ್ರಜ್ಞೆಯ ಬಗ್ಗೆ ರೋಗಿಗೆ ನೆನಪಿರುವುದು ಕಡಿಮೆ. ಪಕ್ಕದಲ್ಲಿ ನಿಂತು ನೀರು ಹೊಯ್ದವರಿಗೆ ಎಲ್ಲವೂ ನೆನಪಿರುತ್ತದೆ.

ಮುಂದಿನ ಹೆಜ್ಜೆ ನಿಮ್ಹಾನ್ಸ್‌ನದು. 1974ರಲ್ಲಿ ಈ ಹೆಸರು ಪಡೆದು, 1994ರಲ್ಲಿ ವಿಶ್ವವಿದ್ಯಾಲಯದ ಮಾನ್ಯತೆ ಗಳಿಸಿದ ಸಂಸ್ಥೆ ಅದು. ಅಲ್ಲಿನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು. ಇಷ್ಟು ದೊಡ್ಡ ಪಟ್ಟಿ ಸಿಕ್ಕಿದ ಮೇಲೆ ಕಾಯಿಲೆಯ ಚಹರೆ ತಿಳಿಯಾಯಿತು. ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ನೀರಿನ ಶಾಖ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ಮೈಗೆ ಹಾಕಿದಾಗ ಏನೂ ಆಗದವರಿಗೂ ತಲೆಗೆ ಹಾಕಿದಾಗ ಆಗುತ್ತದೆ. ಕೆಲವರಿಗೆ ವರ್ಷಗಳು ಕಳೆದ ಮೇಲೆ ನೀರಿನ ಹಂಗಿಲ್ಲದೆಯೂ ಮೂರ್ಛೆ ಬರತೊಡಗುತ್ತದೆ.

ಇನ್ನೊಂದು ವಿಚಿತ್ರ ಸಂಗತಿಯೂ ಹೊರಬಿತ್ತು. ಕೆಲವರಿಗೆ ಆ ಕ್ಷಣದಲ್ಲಿ ಹೇಳತೀರದ ಹಿತ. ಸಾಕು ಎಂದರೂ ಕೇಳದೆ, ಇನ್ನೂ ಬಿಸಿ, ಇನ್ನೂ ಬಿಸಿ ಎಂದು ಹೊಯ್ದುಕೊಳ್ಳುತ್ತಲೇ ಇರುತ್ತಾರೆ. ಮನೆಯವರು ಇದನ್ನು ಹಟ ಎಂದು ತಿಳಿದು ಬೆನ್ನಿಗೆ ಗುದ್ದುವುದೂ ಉಂಟು. ಅದು ಹಟವಲ್ಲ, ಮೂರ್ಛೆಯ ಆರಂಭ ಎಂದು ವೈದ್ಯರು ಬರೆದಿಟ್ಟರು. ಏಟು ತಿಂದ ಮಕ್ಕಳ ಪಾಲಿಗೆ ಇದು ಸಣ್ಣ ಮಾತಲ್ಲ.

ಬಿಸಿನೀರಿನಿಂದಲೇ ಕಾಯಿಲೆ ಬರುವುದಾದರೆ ಊರಿಗೆ ಊರೇ ಬಿದ್ದು ಒದ್ದಾಡಬೇಕಿತ್ತು. ತಮಿಳುನಾಡಿನಲ್ಲಿ, ಆಂಧ್ರದಲ್ಲಿ ಬಿಸಿನೀರು ಹೊಯ್ದುಕೊಳ್ಳುವವರಿಲ್ಲವೆ? ಅಲ್ಲಿಂದಲೂ ವರದಿಗಳು ಬಂದಿವೆ, ಆದರೆ ಇಲ್ಲಿನಷ್ಟಲ್ಲ. ಒಂದೇ ಹಂಡೆಯ ನೀರಿನಲ್ಲಿ ಅಣ್ಣನೂ ತಮ್ಮನೂ ಸ್ನಾನ ಮಾಡಿದರೆ ಅಣ್ಣ ನಗುತ್ತಾ ಹೊರಬರುತ್ತಾನೆ, ತಮ್ಮನನ್ನು ಎತ್ತಿ ತರಬೇಕಾಗುತ್ತದೆ. ನೀರು ಒಂದೇ ಆದರೂ ಮೆದುಳು ಬೇರೆ. ಬಿಸಿಯನ್ನು ತಾಳಿಕೊಳ್ಳುವ ಮೆದುಳಿನ ವ್ಯವಸ್ಥೆಯಲ್ಲೇ ಏನೋ ಕೊರತೆ ಇರಬೇಕೆಂಬ ಊಹೆಗೆ ಇಲಿಗಳ ಮೇಲಿನ ಪ್ರಯೋಗಗಳಿಂದ ಬಲ ಬಂತು. ಮತ್ತೆ ಮತ್ತೆ ಬಿಸಿನೀರು ಸೋಕಿಸಿದ ಇಲಿಗಳಲ್ಲಿ ಮೂರ್ಛೆ ಬರುವುದನ್ನು ನಿಮ್ಹಾನ್ಸ್ ತಂಡ 1996ರಲ್ಲಿ ವರದಿ ಮಾಡಿತು.

ರೋಗಿಗಳಲ್ಲಿ ಒಂದು ಪಾಲು ಜನರ ಮನೆಯಲ್ಲಿ ಇನ್ನೊಬ್ಬರಿಗೂ ಇದೇ ತೊಂದರೆ ಇತ್ತು: ತಂದೆಗೆ, ಸೋದರತ್ತೆಗೆ, ಅಣ್ಣನ ಮಗಳಿಗೆ. ಹಾಗಾದರೆ ಇದು ವಂಶದಲ್ಲಿ ಹರಿಯುತ್ತಿರಬೇಕು. ವಂಶವನ್ನು ಓದುವ ಕೆಲಸ ಈ ನಾಡಿಗೆ ಹೊಸತಲ್ಲ. ಎತ್ತಿನ ಮೇಲೆ ಕುಳಿತು ಬರುವ ಹೆಳವರು ಮನೆಯ ಮುಂದೆ ನಿಂತು ಮುತ್ತಜ್ಜನ ಅಜ್ಜನಿಂದ ಹಿಡಿದು ಹೆಸರು ಹೇಳುತ್ತಿದ್ದರು, ಹೊತ್ತಿಗೆಯಲ್ಲಿ ಬರೆದುಕೊಳ್ಳುತ್ತಿದ್ದರು. ವಿಜ್ಞಾನಿಗಳು ಬರೆಯುವ ವಂಶವೃಕ್ಷವೂ ಅದೇ ಜಾತಿಯದು, ಒಂದು ವ್ಯತ್ಯಾಸದೊಂದಿಗೆ. ಹೆಳವರ ಸಾಲಿನಲ್ಲಿ ಹೆಚ್ಚಾಗಿ ಗಂಡುಮಕ್ಕಳೇ ಮುಂದುವರಿಯುತ್ತಾರೆ. ವಿಜ್ಞಾನಿಗಳಿಗೆ ಮದುವೆಯಾಗಿ ಪರಊರಿಗೆ ಹೋದ ಮಗಳೂ ಬೇಕು, ಅವಳ ಮಕ್ಕಳೂ ಬೇಕು. ತಾಯಿಯಿಂದಲೂ ತಂದೆಯಿಂದಲೂ ವಂಶವಾಹಿ ಸಮಪಾಲಾಗಿ ಬರುವುದರಿಂದ ಅರ್ಧ ವಂಶವನ್ನು ಬಿಟ್ಟು ಲೆಕ್ಕ ಹಾಕುವಂತಿಲ್ಲ. ಅವರ ನಕ್ಷೆಯಲ್ಲಿ ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಕಾಯಿಲೆ ಇದ್ದವರ ಗುರುತಿಗೆ ಕಪ್ಪು ಬಳಿಯುತ್ತಾರೆ. ಹೆಸರು ಬರೆಯುವುದಿಲ್ಲ.

ಆ ಕಪ್ಪು ಬಳಿಯುವ ಮೊದಲು ಮನೆಯವರು ಬಾಯಿ ಬಿಡಬೇಕಲ್ಲ! ಮಗಳಿಗೆ ಗಂಡು ನೋಡುತ್ತಿರುವ ಮನೆಯಲ್ಲಿ ಅವಳ ಅತ್ತೆಗೂ ಬಚ್ಚಲಲ್ಲಿ ಹೀಗಾಗುತ್ತಿತ್ತು ಎಂದು ಯಾರು ಹೇಳುತ್ತಾರೆ? ಈ ಸಂಶೋಧನೆಯ ಅತ್ಯಂತ ಕಷ್ಟದ ಭಾಗ ಯಂತ್ರಗಳಲ್ಲಿ ಇರಲಿಲ್ಲ, ಜಗುಲಿಯ ಮೇಲೆ ಇತ್ತು ಎಂದರೆ ತಪ್ಪಾಗಲಾರದು. ಹೇಳಲು ಒಪ್ಪಿದ ಕುಟುಂಬಗಳು ರಕ್ತವನ್ನೂ ಕೊಟ್ಟವು. ಕಾಯಿಲೆ ಇಲ್ಲದವರೂ ಕೊಟ್ಟರು. ಅವರಿಲ್ಲದೆ ಹೋಲಿಸಿ ನೋಡುವುದು ಸಾಧ್ಯವಿಲ್ಲ.

ಆ ರಕ್ತದ ಮಾದರಿಗಳ ಅಧ್ಯಯನ ನಡೆದದ್ದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ. 1989ರಲ್ಲಿ ಆರಂಭವಾದ ಈ ಕೇಂದ್ರವೂ ವಿಶ್ವವಿದ್ಯಾಲಯದ ಮಾನ್ಯತೆ ಪಡೆದದ್ದು. ಅಲ್ಲಿ ಡಾ. ಅನುರಂಜನ್ ಆನಂದ್ ಅವರ ಪ್ರಯೋಗಶಾಲೆ ಅಪಸ್ಮಾರದ ವಂಶವಾಹಿಗಳನ್ನು ಹುಡುಕುತ್ತಿತ್ತು. ರೋಗಿಗಳನ್ನು ಬಲ್ಲ ನಿಮ್ಹಾನ್ಸ್ ವೈದ್ಯರೂ ವಂಶವಾಹಿಗಳನ್ನು ಬಲ್ಲ ಜಕ್ಕೂರಿನವರೂ ಕೈಜೋಡಿಸಿದರು. ದಿನಗಟ್ಟಲೆ ಪ್ರಯೋಗಶಾಲೆಯಲ್ಲಿ ಕುಳಿತು ಕೆಲಸ ಮಾಡಿದವರು ರಿಂಕಿ ರತ್ನಪ್ರಿಯ, ಕಲ್ಪಿತಾ ಕರಣ್‌ರಂಥ ಕಿರಿಯ ಸಂಶೋಧಕರು.

ಹುಡುಕುವುದು ಹೇಗೆ? ಮನುಷ್ಯನ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿವೆ. ಅವುಗಳಲ್ಲಿ ಸುಮಾರು 300 ಕೋಟಿ ಅಕ್ಷರಗಳ ಬರಹ. ಅದರಲ್ಲಿ ಒಂದಕ್ಷರ ತಪ್ಪಿದ್ದರೂ ಸಾಕು. ವಿಳಾಸ ಗೊತ್ತಿಲ್ಲದ ಒಬ್ಬ ಮನುಷ್ಯನನ್ನು ರಾಜ್ಯವಿಡೀ ಹುಡುಕಿದಂತೆ ಇದು. ಮೊದಲು ಜಿಲ್ಲೆ, ಆಮೇಲೆ ತಾಲ್ಲೂಕು, ಹೋಬಳಿ, ಊರು, ಕೊನೆಗೆ ಮನೆ. ಒಂದು ಕುಟುಂಬದಲ್ಲಿ ಕಾಯಿಲೆ ಇರುವವರೆಲ್ಲರಲ್ಲೂ ಇದ್ದು, ಇಲ್ಲದವರಲ್ಲಿ ಸಾಮಾನ್ಯವಾಗಿ ಇಲ್ಲದ ವರ್ಣತಂತುವಿನ ತುಣುಕು ಯಾವುದು ಎಂದು ನೋಡುತ್ತಾರೆ. ಕುಟುಂಬ ದೊಡ್ಡದಾದಷ್ಟೂ ತುಣುಕು ಕಿರಿದಾಗುತ್ತಾ ಬರುತ್ತದೆ. ಅದಕ್ಕೇ ಮೂರು ನಾಲ್ಕು ತಲೆಮಾರಿನ ಕೂಡುಕುಟುಂಬಗಳು ಈ ವಿಜ್ಞಾನಕ್ಕೆ ಚಿನ್ನದ ಗಣಿ.

2009ರಲ್ಲಿ ತಂಡ ಎರಡು ವರದಿಗಳನ್ನು ಪ್ರಕಟಿಸಿತು. ಒಂದರಲ್ಲಿ ಹತ್ತನೆಯ ವರ್ಣತಂತುವಿನ ಒಂದು ಪ್ರದೇಶ, ಇನ್ನೊಂದರಲ್ಲಿ ನಾಲ್ಕನೆಯದರ ಒಂದು ಪ್ರದೇಶ. ಹೋಬಳಿ ಸಿಕ್ಕಿತು, ಮನೆ ಸಿಕ್ಕಿರಲಿಲ್ಲ. ಬೇರೆ ಬೇರೆ ಕುಟುಂಬಗಳಲ್ಲಿ ಕಾರಣ ಬೇರೆ ಬೇರೆ ಇರಬಹುದೆಂಬುದೂ ಆಗಲೇ ಸ್ಪಷ್ಟವಾಯಿತು. 2017ರಲ್ಲಿ ಮತ್ತೊಂದು ಕಡೆ, ಒಂಬತ್ತನೆಯ ವರ್ಣತಂತುವಿನಲ್ಲಿ, ಮನೆಯ ಬಾಗಿಲೇ ಸಿಕ್ಕಿತು. ಕೆಲವು ರೋಗಿಗಳಲ್ಲಿ ಎಸ್‌ಎಲ್‌ಸಿ1ಎ1 ಎಂಬ ವಂಶವಾಹಿಯಲ್ಲಿ ಅಪರೂಪದ ಬದಲಾವಣೆಗಳು ಕಂಡವು. ನರಕೋಶಗಳು ಒಂದನ್ನೊಂದು ಕೆರಳಿಸಲು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಸುರಿಯುತ್ತವೆ. ಕೆಲಸ ಮುಗಿದೊಡನೆ ಅದನ್ನು ಮತ್ತೆ ಒಳಗೆಳೆದುಕೊಳ್ಳಬೇಕು. ಎಳೆದುಕೊಳ್ಳುವ ಒಂದು ಪ್ರೋಟೀನನ್ನು ತಯಾರಿಸುವುದು ಈ ವಂಶವಾಹಿ. ಬಚ್ಚಲಿಗೆ ಸುರಿದ ನೀರು ಕಂಡಿಯಿಂದ ಹೊರಗೆ ಹರಿಯದಿದ್ದರೆ ಏನಾಗುವುದೋ ಮೆದುಳಿನಲ್ಲೂ ಅದೇ ಆಗಬಹುದು: ಗ್ಲುಟಮೇಟ್ ನಿಂತು, ನರಕೋಶಗಳು ಮಿತಿಮೀರಿ ಕೆರಳುತ್ತವೆ.

ಇಷ್ಟೆಲ್ಲ ಆದ ಮೇಲೆ ಹೊಸ ಔಷಧಿ ಬಂತೆ ಎಂದು ಕೇಳಿದರೆ, ಇಲ್ಲ. ವಂಶವಾಹಿ ಸಿಕ್ಕ ಸುದ್ದಿಯಿಂದ ಯಾವ ಬಚ್ಚಲಲ್ಲೂ ಒಂದು ಚೆಂಬು ನೀರು ತಣ್ಣಗಾಗಲಿಲ್ಲ. ಬಹುಮಂದಿಗೆ ಪರಿಹಾರ ಹಳೆಯದೇ: ಉಗುರುಬೆಚ್ಚಗಿನ ನೀರು. ಹಾಗೆಂದು ಹುಡುಕಾಟ ವ್ಯರ್ಥವಲ್ಲ. ನೀರಿನ ಹಂಗಿಲ್ಲದೆ ಮೂರ್ಛೆ ಬರುವವರಿಗೆ ಮುಂದೆ ಯಾವ ಮದ್ದು ಬೇಕೆಂಬ ಪ್ರಶ್ನೆಗೆ ದಾರಿ ಇಲ್ಲಿಂದಲೇ ತೆರೆಯಬೇಕು. ವಂಶದ ಕಾಯಿಲೆ ಎಂದೊಡನೆ ಹೆದರುವವರೂ ಒಂದು ಮಾತು ತಿಳಿಯಬೇಕು. ಎಷ್ಟೋ ರೋಗಿಗಳ ಮನೆಯಲ್ಲಿ ಬೇರೆ ಯಾರಿಗೂ ಇದು ಇಲ್ಲ. ವಂಶದಲ್ಲಿ ಹರಿಯುವ ಕುಟುಂಬಗಳಲ್ಲೂ ಆ ತುಣುಕು ಮಗುವಿಗೆ ಬರುವ ಸಂಭವ ಅರ್ಧಕ್ಕರ್ಧ. ಬಂದವರೆಲ್ಲರೂ ಮೂರ್ಛೆ ಬೀಳಬೇಕೆಂದೂ ಇಲ್ಲ. ಸೋದರಮಾವನನ್ನು ಮದುವೆಯಾದದ್ದರಿಂದ ಹೀಗಾಯಿತು ಎಂದು ತಾಯಿಯನ್ನು ಹಳಿಯುವುದೂ ತಪ್ಪು. ಈ ಬಗೆಯ ಹರಿವಿಗೆ ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೆ ಸಾಕು, ಅವರು ಸಂಬಂಧಿಕರಾಗಿರಬೇಕಿಲ್ಲ.

ಮುಚ್ಚಿಡುವ ಜನರನ್ನೇ ದೂರಿ ಫಲವೇನು? ಕಾನೂನೇ ಅವರನ್ನು ಹೆದರಿಸಿತ್ತು. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ತಂದ ತಿದ್ದುಪಡಿ, ಪದೇ ಪದೇ ಅಪಸ್ಮಾರ ಬರುವವರನ್ನು ಹುಚ್ಚಿನ ಜೊತೆ ಸೇರಿಸಿ ಮದುವೆಗೆ ಅನರ್ಹರ ಸಾಲಿನಲ್ಲಿ ನಿಲ್ಲಿಸಿತ್ತು. ಆ ಪದವನ್ನು ಕಿತ್ತುಹಾಕಿದ್ದು 1999ರ ಡಿಸೆಂಬರ್‌ನಲ್ಲಿ. ಇಪ್ಪತ್ತಮೂರು ವರ್ಷ ಒಂದು ಪದ ಕಾಯ್ದೆಯಲ್ಲಿ ಕೂತು ಎಷ್ಟು ಬಾಯಿಗಳನ್ನು ಕಟ್ಟಿತೋ! ಕಾಯ್ದೆಯಿಂದ ಹೋದದ್ದು ಹೆಣ್ಣು ನೋಡುವ ಶಾಸ್ತ್ರದಿಂದ ಇನ್ನೂ ಹೋಗಿಲ್ಲ.

ಈಗ ಮನೆಯ ಮಾತು. ತಲೆಸ್ನಾನದಲ್ಲಿ ಮಗು ಒಂದು ಸಲ ಹೀಗೆ ಕಣ್ಣು ನೆಟ್ಟು ನಿಂತರೂ ನರರೋಗ ತಜ್ಞರ ಬಳಿ ಕರೆದೊಯ್ದು, ಬಚ್ಚಲಲ್ಲಿ ನಡೆದದ್ದನ್ನು ನಡೆದಂತೆಯೇ ಹೇಳಬೇಕು. ನೀರು ಹಿರಿಯರಿಗೆ ಸಪ್ಪೆ ಎನಿಸುವಷ್ಟೇ ಬಿಸಿಯಿರಲಿ, ನೆತ್ತಿಯ ಮೇಲೆ ಒಂದೇ ಸಮನೆ ಹೊಯ್ಯುವುದು ಬೇಡ. ಕೆಲವರಿಗೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ನುಂಗುವ ಮಾತ್ರೆಯನ್ನಷ್ಟೇ ವೈದ್ಯರು ಕೊಡುತ್ತಾರೆ. ಕೆಲವರಿಗೆ ದಿನವೂ ಬೇಕಾಗುತ್ತದೆ. ಅದನ್ನು ತಾವಾಗಿಯೇ ನಿಲ್ಲಿಸಬಾರದು. ಮೂರ್ಛೆ ಬಂದಾಗ ಒಲೆಯಿಂದ, ಹಂಡೆಯಿಂದ ದೂರ ಸರಿಸಿ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಏನನ್ನೂ ತುರುಕಬೇಡಿ, ಬೀಗದಕೈಯನ್ನು ಬೀಗದಲ್ಲೇ ಬಿಡಿ. ಐದು ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ. ದೊಡ್ಡವರಾದ ಮಕ್ಕಳು ಒಬ್ಬರೇ ಸ್ನಾನಕ್ಕೆ ಹೋಗುತ್ತೇವೆ ಎನ್ನುತ್ತಾರೆ, ಹೋಗಲಿ. ಬಾಗಿಲು ಮುಂದೆ ಮಾಡಿಕೊಳ್ಳಲಿ, ಒಳಗಿನ ಚಿಲಕ ಮಾತ್ರ ಹಾಕದಿರಲಿ.