ನೀರಿನ ಗೆರೆ ಮೊದಲು

ಕಾರ್ಖಾನೆಯ ನಿವೇಶನಕ್ಕೆ ನಕ್ಷೆ ಬರೆಯುವವನು ಮೊದಲನೆಯ ಗೆರೆಯನ್ನು ಎಲ್ಲಿ ಎಳೆಯಬೇಕು? ಯಂತ್ರಶಾಲೆಯಿಂದ ತೊಡಗಬೇಕೆನ್ನುವವರುಂಟು, ಹೆದ್ದಾರಿಯ ಕಡೆಯ ಬಾಗಿಲಿನಿಂದ ಎನ್ನುವವರೂ ಉಂಟು. ಕೋಲಾರದ ಸೀಮೆಯ ಮಟ್ಟಿಗೆ ಅದು ನೀರು ಹರಿಯುವ ದಾರಿಯ ಗೆರೆಯಾಗಿರಬೇಕೆಂಬುದು ನನ್ನ ಅಭಿಪ್ರಾಯ.

ನಿವೇಶನ ಯೋಜನೆಯ ಮೂಲಪಾಠವನ್ನು ಮಾಲೂರಿನ ಹೆಂಚಿನ ಕೆಲಸದಿಂದಲೇ ಕಲಿಯಬಹುದು. ಜೇಡಿಮಣ್ಣಿನ ರಾಶಿ, ಅದನ್ನು ಅರೆದು ಹದಗೊಳಿಸುವ ಯಂತ್ರ, ಅಚ್ಚು, ಗಾಳಿಯಾಡುವ ಚಪ್ಪರದಲ್ಲಿ ಒಣಗಿಸುವುದು, ಸುಡುವ ಗೂಡು, ಕಡೆಗೆ ಲಾರಿ ನಿಲ್ಲುವ ಅಂಗಳ: ಇದು ಕೆಲಸದ ಕ್ರಮ. ಹಸಿ ಹೆಂಚನ್ನು ಹಿಂದಕ್ಕೂ ಮುಂದಕ್ಕೂ ಹೊತ್ತರೆ ಒಡೆಯುತ್ತದೆ. ಆದ್ದರಿಂದ ಸರಕು ಒಂದೇ ದಿಕ್ಕಿಗೆ ಸಾಗುವಂತೆ ಕಟ್ಟಡಗಳನ್ನಿಡಬೇಕು. ಈ ನಿಯಮ ಹೆಂಚಿಗೆ ಹೇಗೋ ಮೋಟಾರು ವಾಹನಕ್ಕೂ ಹಾಗೆಯೇ.

ಆದರೆ ಆವರಣದೊಳಗೆ ಸಾಗುವುದು ಸರಕೊಂದೇ ಅಲ್ಲ, ಮಳೆಯ ನೀರೂ ಸಾಗುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯನ್ನು ಸಾಕಿದವು ಕೆರೆಗಳು. ಮೇಲಿನ ಕೆರೆ ಕೋಡಿಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತದೆ. ಬೇಸಗೆಯಲ್ಲಿ ನಿವೇಶನ ನೋಡಲು ಬಂದವರ ಕಣ್ಣಿಗೆ ಆ ಕಾಲುವೆ ಬರಿಯ ತಗ್ಗು. ಅದನ್ನು ಮಣ್ಣು ತುಂಬಿ ಮಟ್ಟಮಾಡಿದರೆ ಕಾರ್ಖಾನೆಗೆ ಕೆಲವು ಗುಂಟೆ ದೊರೆಯುತ್ತದೆ. ಕೆಳಗಿನ ಊರಿನ ಕೆರೆ ತುಂಬದೆ ಹೋಗುತ್ತದೆ.

ಒಂದು ಚಿಕ್ಕ ಲೆಕ್ಕವನ್ನು ನೋಡೋಣ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆಯೆಂದರೆ ಒಂದು ಲೀಟರು ನೀರು. 10,000 ಚದರ ಮೀಟರಿನ ಚಾವಣಿಯೆಂದರೆ ಸುಮಾರು ಎರಡೂವರೆ ಎಕರೆ. ಅದರ ಮೇಲೆ 50 ಮಿಲಿಮೀಟರು ಮಳೆ ಸುರಿದರೆ 5 ಲಕ್ಷ ಲೀಟರು. ಹೊಲವಾಗಿದ್ದಾಗ ಅದರಲ್ಲಿ ಒಂದು ಪಾಲನ್ನು ಮಣ್ಣು ಕುಡಿಯುತ್ತಿತ್ತು; ತಗಡಿನ ಚಾವಣಿ ಏನನ್ನೂ ಕುಡಿಯದು. ಅಷ್ಟು ನೀರಿಗೆ ನಾವು ದಾರಿ ಬಿಡದಿದ್ದರೆ ಅದು ಯಂತ್ರಶಾಲೆಯಲ್ಲೇ ದಾರಿ ಹುಡುಕೀತು.

ಆದ್ದರಿಂದಲೇ ಹೊಸ ನಿವೇಶನಕ್ಕೆ ಹೋದಾಗ ನಾನು ಗ್ರಾಮನಕ್ಷೆಯನ್ನು ಬಿಚ್ಚಿ, ಊರಿನ ನೀರಗಂಟಿ ಯಾರೆಂದು ವಿಚಾರಿಸುತ್ತೇನೆ. ಕಾಲುವೆಯನ್ನು ಇದ್ದಂತೆಯೇ ಉಳಿಸಿ, ತಗ್ಗಿನ ಮೂಲೆಯಲ್ಲಿ ಚಾವಣಿಯ ನೀರಿಗೊಂದು ಹೊಂಡ ಗುರುತಿಸುತ್ತೇನೆ. ಎಣ್ಣೆಯ ಉಗ್ರಾಣವೂ ಕಸದ ಅಂಗಳವೂ ಕಾಲುವೆಯಿಂದ ದೂರ, ಸೂರಿನ ಕೆಳಗೆ. ಉಳಿದ ಗೆರೆಗಳೆಲ್ಲ ಆಮೇಲೆ.

ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ತಯಾರಿಕೆ ಆರಂಭವಾದದ್ದು 2013ರಲ್ಲಿ. ಬೆಂಗಳೂರಿನ ಕೊಳಚೆನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸತೊಡಗಿದ್ದು 2018ರಲ್ಲಿ. ಅಷ್ಟು ದೂರದಿಂದ, ಕೊಳವೆಯಲ್ಲಿ ನೀರನ್ನು ತರಿಸಿಕೊಳ್ಳುವ ಸೀಮೆ ತನ್ನ ನೆತ್ತಿಯ ಮೇಲೆ ಬಿದ್ದ ಮಳೆಗೆ ಗೋಡೆಯನ್ನು ಅಡ್ಡವಿಡಬಹುದೆ? ನಾಳೆ ಮುಳಬಾಗಿಲಿನ ಹೆದ್ದಾರಿಯ ಬದಿಯಲ್ಲೋ ಶ್ರೀನಿವಾಸಪುರದ ಮಾವಿನ ತೋಪುಗಳ ಅಂಚಿನಲ್ಲೋ ಕಾರ್ಖಾನೆ ಬರುವುದಾದರೆ, ಅದರ ನಕ್ಷೆಯಲ್ಲಿ ಕಾಲುವೆ ಎಲ್ಲಿದೆಯೆಂದು ಊರಿನವರು ಕೇಳಬೇಕು. ಕೇಳುವ ಹೊತ್ತು ಅಡಿಪಾಯ ತೋಡುವುದಕ್ಕೆ ಮುಂಚೆ.