ಹಳೆಯ ಗಿಟಾರು ಕೊಳ್ಳುವ ಮುನ್ನ



ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ರಾಜ್ಯದ ದೊಡ್ಡ ಗೂಡು ಮಾರುಕಟ್ಟೆಗಳಲ್ಲಿ ಅದೂ ಒಂದು. ಅಲ್ಲಿಗೆ ಬರುವ ರೀಲರುಗಳು ಮಾರುವವರ ಮಾತನ್ನು ಗೌರವದಿಂದಲೇ ಕೇಳುತ್ತಾರೆ. ಆದರೆ ಬರಿಯ ಮಾತಿಗೆ ದುಡ್ಡು ಕೊಡುವುದಿಲ್ಲ. ಒಂದು ಹಿಡಿ ಗೂಡನ್ನು ಎತ್ತಿಕೊಂಡು ಬೆರಳಿನಿಂದ ಒತ್ತಿ ನೋಡುತ್ತಾರೆ. ಕಿವಿಯ ಹತ್ತಿರ ಅಲುಗಾಡಿಸಿ ಒಳಗಿನ ಹುಳುವಿನ ಸದ್ದು ಕೇಳುತ್ತಾರೆ. ಅನುಮಾನ ಬಂದರೆ ಒಂದೆರಡನ್ನು ಕತ್ತರಿಸಿಯೇ ನೋಡುತ್ತಾರೆ. ಆಮೇಲೆ ಬೆಲೆಯ ಮಾತು.

ಇಂದು ನಾನು ಮಾತನಾಡಲಿರುವುದು ರೇಷ್ಮೆಯ ಬಗ್ಗೆ ಅಲ್ಲ, ಹಳೆಯ ಎಲೆಕ್ಟ್ರಿಕ್ ಗಿಟಾರಿನ ಬಗ್ಗೆ. ಆದರೂ ಗೂಡು ಕೊಳ್ಳುವವರ ಈ ರೀತಿಯನ್ನು ನೀವು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು ಎಂದು ವಿನಂತಿ.

ಕಳೆದ ವರ್ಷ ಶಿಡ್ಲಘಟ್ಟದಿಂದ ನನ್ನ ಅಕ್ಕನ ಮಗ ಫೋನು ಮಾಡಿದ. "ಮಾವ, ಚಿಂತಾಮಣೀಲಿ ಒಂದು ಗಿಟಾರ್ ಇದೆ. ಅಮೆರಿಕದ ಫೆಂಡರ್ ಸ್ಟ್ರಾಟೊಕ್ಯಾಸ್ಟರ್, 1962ರದು. ಬರೀ ನಾಲ್ಕು ಲಕ್ಷ ಕೇಳ್ತಿದ್ದಾರೆ. ಇವತ್ತೇ ಅಡ್ವಾನ್ಸ್ ಕೊಟ್ಬಿಡ್ಲಾ?" ಎಂದು ಕೇಳಿದ. ಹುಡುಗ ಚೆನ್ನಾಗಿ ನುಡಿಸುತ್ತಾನೆ. ಆದರೆ ನಾಲ್ಕು ಲಕ್ಷ ಅವನದಲ್ಲ. ಅವನ ತಂದೆ ಗೂಡು ಕೊಳ್ಳಲು ಇಟ್ಟುಕೊಂಡಿದ್ದ ಬಂಡವಾಳ ಅದು; ಅದರಲ್ಲಿ ಅರ್ಧ ಸಾಲದ್ದು. "ಒಂದು ಪೈಸೆಯನ್ನೂ ಕೊಡಬೇಡ, ಭಾನುವಾರ ನಾನು ಬರುತ್ತೇನೆ" ಎಂದೆ.

ಮೊದಲು ಈ ವಾದ್ಯದ ಸ್ವರೂಪವನ್ನು ತಿಳಿಯೋಣ. ವೀಣೆಗೆ ಟೊಳ್ಳಾದ ಕೊಡವಿದೆ, ಸಾಮಾನ್ಯ ಗಿಟಾರಿಗೆ ಟೊಳ್ಳಾದ ಪೆಟ್ಟಿಗೆಯಿದೆ. ತಂತಿಯ ಸಣ್ಣ ದನಿ ಅಲ್ಲಿ ದೊಡ್ಡದಾಗುತ್ತದೆ. ನಾವು ಈಗ ಹೇಳುತ್ತಿರುವ ಗಿಟಾರಿನ ಒಡಲು ಟೊಳ್ಳಲ್ಲ, ಗಟ್ಟಿ ಮರದ ಹಲಗೆ. ತಂತಿಗಳ ಕೆಳಗೆ ಅಯಸ್ಕಾಂತವೂ, ಅದರ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯ ಸಾವಿರಾರು ಸುತ್ತುಗಳೂ ಇರುತ್ತವೆ. ಇದಕ್ಕೆ ಪಿಕ್‌ಅಪ್ ಎಂದು ಹೆಸರು. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ತತ್ವವೇ ಇದು. ಆ ವಿದ್ಯುತ್ತನ್ನು ಆಂಪ್ಲಿಫೈಯರ್ ದೊಡ್ಡದು ಮಾಡುತ್ತದೆ.

ಫೆಂಡರ್ ಕಂಪನಿ 1950ರಲ್ಲಿ ಇಂಥ ಗಿಟಾರನ್ನು ಮಾರುಕಟ್ಟೆಗೆ ತಂದಿತು. 1952ರಲ್ಲಿ ಗಿಬ್ಸನ್ ಕಂಪನಿಯ ಲೆಸ್ ಪಾಲ್, 1954ರಲ್ಲಿ ಫೆಂಡರ್‌ನವರದೇ ಸ್ಟ್ರಾಟೊಕ್ಯಾಸ್ಟರ್ ಬಂದವು. 1965ರ ಜನವರಿಯಲ್ಲಿ ಫೆಂಡರ್ ಕಂಪನಿ ಸಿ.ಬಿ.ಎಸ್. ಸಂಸ್ಥೆಯ ಕೈಸೇರಿತು. ಆಮೇಲೆ ಕೆಲಸದ ಗುಣಮಟ್ಟ ಇಳಿಯಿತೆಂಬುದು ವಾದಕರ ನಂಬಿಕೆ. ಆದ್ದರಿಂದ ಅದಕ್ಕೂ ಹಿಂದಿನ ಗಿಟಾರುಗಳಿಗೆ ವಿಪರೀತ ಬೆಲೆ. ನಿಜವಾಗಿ 1962ರದೇ ಆಗಿದ್ದು, ಭಾಗಗಳೂ ಮೂಲದವೇ ಆಗಿದ್ದರೆ, ನಾಲ್ಕು ಲಕ್ಷದ ಹಲವು ಪಟ್ಟು ಬೆಲೆ ಬಾಳುತ್ತದೆ. ನನ್ನ ಮೊದಲ ಅನುಮಾನ ಹುಟ್ಟಿದ್ದೇ ಇಲ್ಲಿ. ಅಗ್ಗ ಎನ್ನುವುದೂ ಒಂದು ಎಚ್ಚರಿಕೆ.

ನಮ್ಮ ಸೀಮೆಗೆ ಇಂಥ ವಾದ್ಯ ಹೇಗೆ ಬಂದೀತು? 1991ರ ಆರ್ಥಿಕ ಸುಧಾರಣೆಗೆ ಮೊದಲು ವಿದೇಶಿ ಗಿಟಾರು ತರಿಸುವುದು ಸುಲಭವಿರಲಿಲ್ಲ. ನಾನು ಹುಡುಗನಾಗಿದ್ದಾಗ ಚಿಕ್ಕಬಳ್ಳಾಪುರದ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಕಾಣುತ್ತಿದ್ದುದು ಕೊಲ್ಕತ್ತಾದಲ್ಲಿ ತಯಾರಾದ ಗಿವ್ಸನ್, ಹಾಬ್ನರ್ ಮುಂತಾದ ಗಿಟಾರುಗಳು. ಆದರೂ ಒಳ್ಳೆಯ ವಿದೇಶಿ ವಾದ್ಯ ಇಲ್ಲಿ ಇರಲಾರದೆಂದು ಹೇಳುವಂತಿಲ್ಲ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೆ ನಾವೆಲ್ಲ ಕೋಲಾರ ಜಿಲ್ಲೆಯವರೇ. ಅದೇ ಜಿಲ್ಲೆಯ ಕೆ.ಜಿ.ಎಫ್.ನಲ್ಲಿ ಪಾಶ್ಚಾತ್ಯ ಸಂಗೀತವನ್ನು ಬಲ್ಲ ಆಂಗ್ಲೋ-ಇಂಡಿಯನ್ ಕುಟುಂಬಗಳಿದ್ದವು. 2001ರಲ್ಲಿ ಚಿನ್ನದ ಗಣಿ ಮುಚ್ಚಿತು. ಆದ್ದರಿಂದ "ಇದು ಕೆ.ಜಿ.ಎಫ್. ದೊರೆಗಳ ಮನೆಯದು" ಎಂದರೆ ನಂಬುವಂತೆಯೇ ಇರುತ್ತದೆ. ನಂಬುವಂತಿರುವ ಕಥೆಯನ್ನೇ ಹೆಚ್ಚು ಪರೀಕ್ಷಿಸಬೇಕು.

ಇದು ನಾನು ದುಡ್ಡು ಕೊಟ್ಟು ಕಲಿತ ಪಾಠ. ಬಿ.ಎಸ್ಸಿ. ಓದುತ್ತಿದ್ದಾಗ, ಕೆಂಪು ಬಣ್ಣದ ಹೊಳಪಿಗೆ ಮರುಳಾಗಿ ಹಳೆಯ ಗಿಟಾರೊಂದನ್ನು ಕೊಂಡೆ. ಮನೆಪಾಠ ಹೇಳಿ ಒಂದು ವರ್ಷ ಕೂಡಿಟ್ಟ ಹಣ ಅದು. ಮೂರು ತಿಂಗಳಲ್ಲಿ ಗೊತ್ತಾಯಿತು, ಅದರ ಕುತ್ತಿಗೆ ತಿರುಚಿಕೊಂಡಿದೆ ಎಂದು. ಯಾವ ಸ್ವರವೂ ಸರಿಯಾಗಿ ನಿಲ್ಲಲಿಲ್ಲ. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಪ್ರತಿ ಅಳತೆಯನ್ನೂ ಮೂರು ಸಲ ತೆಗೆದುಕೊಳ್ಳುತ್ತಿದ್ದವನು ಅಂಗಡಿಯಲ್ಲಿ ಒಂದು ಸಲವೂ ಅಳೆದು ನೋಡಿರಲಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಮೇಷ್ಟ್ರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೇ ಸಮಿತಿ ಮಾಡಿದವರು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಜೀವನವಿಡೀ ಹೇಳಿದರು. ಅವರ ಪಕ್ಕದ ಊರಿನಲ್ಲೇ ಬೆಳೆದವನಿಗೆ ಆ ಮಾತು ಗಿಟಾರಿಗೂ ಅನ್ವಯಿಸುತ್ತದೆಂದು ಹೊಳೆಯಲಿಲ್ಲ.

ಈ ಸಲ ನಾನು ಚೀಲದಲ್ಲಿ ಒಯ್ದದ್ದು ಅಳತೆ ಟೇಪು, ಟಾರ್ಚು, ಸ್ಕ್ರೂಡ್ರೈವರು, ಮಲ್ಟಿಮೀಟರು ಮತ್ತು ವಿದ್ಯುತ್ ಟೆಸ್ಟರು. ಗಿಟಾರಿಗೆ ಒಂದು ಹೊಸ ಜೊತೆ ತಂತಿಯನ್ನೂ ಇಟ್ಟುಕೊಂಡಿದ್ದೆ. ಹಳೆಯ ತಂತಿಯಲ್ಲಿ ಸ್ವರಶುದ್ಧಿಯನ್ನು ತೀರ್ಮಾನಿಸಲಾಗದು. ಪರೀಕ್ಷೆಯ ಕ್ರಮ ಹೀಗೆ.

ಮೊದಲು ಕುತ್ತಿಗೆ. ಬಡಗಿ ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುವಂತೆ ಉದ್ದಕ್ಕೂ ನೋಡಿ. ಎರಡೂ ಅಂಚುಗಳು ಒಂದೇ ಸಮನಾಗಿ ಸಾಗಬೇಕು. ಬಳಿಕ ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿಯಿರಿ. ನಡುವೆ ಒಂದು ವಿಸಿಟಿಂಗ್ ಕಾರ್ಡು ನುಸುಳುವಷ್ಟು ಸಂದು ಇದ್ದರೆ ಸರಿ. ಹೆಚ್ಚು ಬಾಗಿದ್ದರೆ ಕುತ್ತಿಗೆಯ ಒಳಗಿರುವ ಉಕ್ಕಿನ ಸರಳನ್ನು ತಿರುಗಿಸಿ ತಿದ್ದಬಹುದು. ಆದರೆ ಮರವೇ ತಿರುಚಿಕೊಂಡಿದ್ದರೆ ಸರಳಿನಿಂದ ಅದು ಸರಿಹೋಗದು. ಅಂಥದನ್ನು ಬಿಟ್ಟು ಬನ್ನಿ. ತಲೆಭಾಗ ಮುರಿದು ಅಂಟಿಸಿದ ಗೆರೆಯಿದೆಯೇ ಎಂದೂ ನೋಡಿ. ಗಿಬ್ಸನ್ ಮಾದರಿಗಳಲ್ಲಿ ಇದು ಸಾಮಾನ್ಯ. ಅಂಟು ಗಟ್ಟಿಯಾಗಿದ್ದರೆ ನುಡಿಸಲು ತೊಂದರೆಯಿಲ್ಲ, ಆದರೆ ಬೆಲೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ.

ಎರಡನೆಯದು ಅಳತೆ. ತಂತಿಯ ಉದ್ದವನ್ನು ಅರ್ಧ ಮಾಡಿದರೆ ಕಂಪನ ಎರಡರಷ್ಟಾಗಿ ಮೇಲಿನ ಷಡ್ಜ ಬರುತ್ತದೆ. ಆದ್ದರಿಂದ ಹನ್ನೆರಡನೆಯ ಫ್ರೆಟ್ಟು ಸರಿಯಾಗಿ ನಡುವೆ ಇರಬೇಕು. ಸ್ಟ್ರಾಟೊಕ್ಯಾಸ್ಟರ್‌ನ ತಂತಿಯ ಉದ್ದ 648 ಮಿಲಿಮೀಟರ್. ತಲೆಯ ಕಡೆಯ ಮೂಳೆಪಟ್ಟಿಯಿಂದ ಹನ್ನೆರಡನೆಯ ಫ್ರೆಟ್ಟಿಗೆ 324. ಟೇಪು ಹಿಡಿದರೆ ಒಂದು ನಿಮಿಷದ ಕೆಲಸ. ಹಾಗೆಯೇ ಫ್ರೆಟ್ಟುಗಳು ಸವೆದು ಚಪ್ಪಟೆಯಾಗಿವೆಯೇ ನೋಡಿ. ಸವೆದಿದ್ದರೆ ಹೊಸದು ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು.

ಮೂರನೆಯದು ಒಳಗಿನ ಪರೀಕ್ಷೆ. ಗೂಡನ್ನು ಕತ್ತರಿಸಿ ನೋಡುವುದೆಂದರೆ ಇದೇ. ಮಾರುವವರ ಒಪ್ಪಿಗೆ ಪಡೆದು ಮೇಲಿನ ಪ್ಲಾಸ್ಟಿಕ್ ಫಲಕವನ್ನು ಬಿಚ್ಚಿ. ವಾಲ್ಯೂಮ್ ಕಂಟ್ರೋಲಿನ ಬೆನ್ನ ಮೇಲೆ ಅಮೆರಿಕದ ತಯಾರಕರು ಅಂಕಿಗಳನ್ನು ಒತ್ತುತ್ತಿದ್ದರು. ಉದಾಹರಣೆಗೆ 304 6320 ಎಂದಿದ್ದರೆ, 304 ತಯಾರಕರ ಸಂಖ್ಯೆ, 63 ಎಂದರೆ 1963, 20 ಎಂದರೆ ಇಪ್ಪತ್ತನೆಯ ವಾರ. ಜಮೀನಿನ ವ್ಯವಹಾರ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. 1980ರ ಛಾಪಾಕಾಗದದ ಮೇಲೆ 1970ರ ಕ್ರಯಪತ್ರ ಇರಲು ಸಾಧ್ಯವಿಲ್ಲ. ಆದರೆ ಕಂಟ್ರೋಲನ್ನು ಯಾರೋ ಮಧ್ಯೆ ಬದಲಿಸಿರಲೂಬಹುದು. ಬೆಸುಗೆ ಹಳೆಯದೋ ಹೊಸದೋ ನೋಡಿ. ಒಂದೇ ಸಾಕ್ಷಿಯಿಂದ ತೀರ್ಪು ಕೊಡಬಾರದು.

ನಾಲ್ಕನೆಯದು ಪಿಕ್‌ಅಪ್. ಮಲ್ಟಿಮೀಟರಿನಲ್ಲಿ ಫೆಂಡರ್ ರೀತಿಯ ಒಂಟಿ ಸುರುಳಿ ಸುಮಾರು 5ರಿಂದ 7 ಕಿಲೋ ಓಮ್ ತೋರಿಸುತ್ತದೆ. ಮುಳ್ಳು ಅಲುಗಾಡದಿದ್ದರೆ ಸುರುಳಿ ಕಡಿದಿದೆ ಎಂದರ್ಥ. ಇಂಥ ಪಿಕ್‌ಅಪ್ ಸ್ವಲ್ಪ ಗುಂಯ್‌ಗುಡುವುದು ಸಹಜ. ನಮ್ಮ ಸ್ಟುಡಿಯೋದಲ್ಲಿ ದೀಪಗಳ ಡಿಮ್ಮರ್ ಹಾಕಿದೊಡನೆ ಗಿಟಾರು ಗುಂಯ್ ಎನ್ನುತ್ತದೆ. ವಾದಕರು ಸ್ವಲ್ಪ ಪಕ್ಕಕ್ಕೆ ತಿರುಗಿ ಕುಳಿತರೆ ಕಡಿಮೆಯಾಗುತ್ತದೆ. ಅದು ದೋಷವಲ್ಲ. ಗುಂಡಿ ತಿರುಗಿಸಿದಾಗ ಬರುವ ಕರಕರ ಸದ್ದು ಸಾಮಾನ್ಯವಾಗಿ ಧೂಳಿನದು, ಅದನ್ನೂ ಸರಿಪಡಿಸಬಹುದು.

ಇನ್ನು ಚಿಂತಾಮಣಿಗೆ ಬರೋಣ. ಗಿಟಾರಿನ ಯಜಮಾನರು ಎಪ್ಪತ್ತು ದಾಟಿದ ಹಿರಿಯರು. ಮೂವತ್ತು ವರ್ಷ ಆರ್ಕೆಸ್ಟ್ರಾದಲ್ಲಿ ನುಡಿಸಿದವರು, ಈಗ ಬೆರಳು ಸೆಟೆದುಕೊಂಡಿವೆ. ಬೆಲೆ ಕಟ್ಟಿದವನು ಅವರ ಅಳಿಯ, ಮೊಬೈಲಿನಲ್ಲಿ ಚಿತ್ರ ನೋಡಿ. ಹಿರಿಯರು ಗಿಟಾರನ್ನು ಹಳೆಯ ರೇಷ್ಮೆ ಪಂಚೆಯಲ್ಲಿ ಸುತ್ತಿ ಇಟ್ಟಿದ್ದರು. ಕುತ್ತಿಗೆ ನೇರವಾಗಿತ್ತು. ಟೇಪು 324ರ ಬದಲು 320 ತೋರಿಸಿತು. ಫಲಕ ಬಿಚ್ಚಿದಾಗ ಕಂಟ್ರೋಲುಗಳ ಮೇಲೆ ಯಾವ ಅಂಕಿಯೂ ಇರಲಿಲ್ಲ. ನಮ್ಮ ರೇಡಿಯೋ ರಿಪೇರಿ ಅಂಗಡಿಗಳಲ್ಲಿ ಸಿಗುತ್ತಿದ್ದಂಥವು. ಟಾರ್ಚು ಹಿಡಿದರೆ ಒಡಲಿನ ಗೋಡೆಯಲ್ಲಿ ಪದರ ಪದರವಾಗಿ ಪ್ಲೈವುಡ್ ಕಾಣಿಸಿತು. 1962ರ ಸ್ಟ್ರಾಟೊಕ್ಯಾಸ್ಟರ್ ಪ್ಲೈವುಡ್ಡಿನದಲ್ಲ, ಗಟ್ಟಿ ಮರದ್ದು. ಮೂರು ಸಾಕ್ಷಿಗಳೂ ಒಂದನ್ನೇ ಹೇಳಿದವು. ಅದು ನಮ್ಮ ದೇಶದಲ್ಲೇ ತಯಾರಾದ ಗಿಟಾರು. ತಲೆಯ ಮೇಲೆ ಯಾರೋ ಫೆಂಡರ್ ಎಂಬ ಹೆಸರು ಅಂಟಿಸಿದ್ದರು.

ಇದನ್ನು ಅವರಿಗೆ ಹೇಳುವುದು ಹೇಗೆ? ಅಳಿಯನನ್ನು ಕಾಫಿಯ ನೆಪದಲ್ಲಿ ಹೊರಗೆ ಕಳಿಸಿ, ಮೆಲ್ಲಗೆ ಹೇಳಿದೆ. ಪ್ಲೈವುಡ್ಡಿನ ಪದರವನ್ನೂ ತೋರಿಸಿದೆ. ಹಿರಿಯರು ತುಂಬ ಹೊತ್ತು ನೋಡಿದರು. "ಕೊಟ್ಟವರು ಹಂಗೇ ಹೇಳಿದ್ರು ಸಾರ್. ಬಿಚ್ಚಿ ನೋಡೋ ಬುದ್ಧಿ ನಂಗೆ ಬರ್ಲಿಲ್ಲ" ಎಂದರು. ಆಮೇಲೆ, "ಆದ್ರೂ ಇದ್ರಲ್ಲಿ ನಾನೂರು ಮದುವೆಗೆ ಬಾರಿಸಿದೀನಿ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಹೊಸ ತಂತಿ ಹಾಕಿದೆವು.

ನುಡಿಸುವ ಮೊದಲು ಇನ್ನೊಂದು ಪರೀಕ್ಷೆ ಉಳಿದಿತ್ತು. ಅತಿ ಮುಖ್ಯವಾದದ್ದು ಅದೇ. ಅವರ ಹಳೆಯ ಆಂಪ್ಲಿಫೈಯರಿಗೆ ಎರಡು ಪಿನ್ನಿನ ಪ್ಲಗ್ಗು, ಅರ್ಥಿಂಗ್ ಇರಲಿಲ್ಲ. ಅಳಿಯ ಬಂದು ಸ್ವಿಚ್ ಹಾಕಿದ. ತಂತಿಯನ್ನು ಯಾರೂ ಮುಟ್ಟುವ ಮೊದಲೇ ಟೆಸ್ಟರನ್ನು ಅದಕ್ಕೆ ತಾಗಿಸಿದೆ, ಕೆಂಪಗೆ ಮಿನುಗಿತು. ಗಿಟಾರಿನ ತಂತಿಗಳು ಕೇಬಲ್ಲಿನ ಮೂಲಕ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ ಸೇರಿರುತ್ತವೆ. ಅಲ್ಲಿ ವಿದ್ಯುತ್ತು ಸೋರಿದರೆ ಅದು ನೇರವಾಗಿ ವಾದಕನ ಕೈಗೆ ಬರುತ್ತದೆ. ಅವನು ಅರ್ಥಿಂಗ್ ಇರುವ ಮೈಕಿಗೆ ತುಟಿ ತಾಗಿಸಿದರೆ, ಒದ್ದೆ ನೆಲದ ಮೇಲೆ ನಿಂತಿದ್ದರೆ, ಜೀವವೇ ಹೋಗಬಹುದು. 1972ರಲ್ಲಿ ಬ್ರಿಟನ್ನಿನ ಸ್ವಾನ್‌ಸೀ ನಗರದಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕ ವೇದಿಕೆಯಲ್ಲೇ ವಿದ್ಯುದಾಘಾತದಿಂದ ಸತ್ತ. ಗಣೇಶನ ಪೆಂಡಾಲುಗಳು ಏಳುವುದು ಮಳೆಗಾಲದಲ್ಲಿ ಎಂಬುದನ್ನು ಮರೆಯಬೇಡಿ. ಹಳೆಯ ಆಂಪ್ಲಿಫೈಯರನ್ನು ತಿಳಿದ ಮೆಕ್ಯಾನಿಕ್ಕಿಗೆ ತೋರಿಸಿ, ಮೂರು ಪಿನ್ನಿನ ಪ್ಲಗ್ಗನ್ನೂ ಅರ್ಥಿಂಗನ್ನೂ ಹಾಕಿಸದೆ ಉಪಯೋಗಿಸಲೇಬೇಡಿ. ಟೆಸ್ಟರು ಉರಿಯಲಿಲ್ಲ ಎಂದ ಮಾತ್ರಕ್ಕೂ ಧೈರ್ಯ ತಾಳಬೇಡಿ. ಒಳಗೆ ವಾಲ್ವುಗಳಿರುವ ಆಂಪ್ಲಿಫೈಯರನ್ನಂತೂ ನೀವೇ ಬಿಚ್ಚಬೇಡಿ. ಪ್ಲಗ್ಗು ತೆಗೆದ ಮೇಲೂ ಅದರಲ್ಲಿ ನೂರಾರು ವೋಲ್ಟು ಉಳಿದಿರಬಹುದು.

ಅಂದು ನಮ್ಮ ಹುಡುಗ ತನ್ನದೇ ಸಣ್ಣ ಬ್ಯಾಟರಿ ಆಂಪ್ಲಿಫೈಯರಿಗೆ ಜೋಡಿಸಿ ನುಡಿಸಿದ. ಮೂರು ಪಿಕ್‌ಅಪ್‌ಗಳಲ್ಲಿ ನಡುವಿನದು ಸತ್ತಿತ್ತು. ಉಳಿದೆರಡರ ದನಿ ಸ್ವಚ್ಛವಾಗಿತ್ತು, ಸ್ವರ ಸ್ಥಾನದಲ್ಲಿ ನಿಂತಿತ್ತು. ಕೊನೆಗೆ ಹನ್ನೆರಡು ಸಾವಿರಕ್ಕೆ ಮಾತಾಯಿತು. ಅಳಿಯನಿಗೆ ಬೇಸರವಾಯಿತು, ಹಿರಿಯರೇ "ಕೊಡು, ನುಡಿಸೋ ಕೈಗೆ ಹೋಗ್ಲಿ" ಎಂದರು. ರಸೀದಿಯಲ್ಲಿ ಹುಡುಗ "ಭಾರತೀಯ ತಯಾರಿಕೆ" ಎಂದು ಬರೆಸಿಕೊಂಡ. ಮುಂದೆ ಅವನು ಅದನ್ನು ಮಾರಿದರೂ ಸುಳ್ಳು ಇನ್ನೊಬ್ಬರಿಗೆ ದಾಟಬಾರದಲ್ಲ.

ಹೆಸರಿಗೆ, ಕಥೆಗೆ ಬೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮರ್ ಅವರ ಕಪ್ಪು ಸ್ಟ್ರಾಟೊಕ್ಯಾಸ್ಟರ್ 2019ರ ಹರಾಜಿನಲ್ಲಿ 39 ಲಕ್ಷದ 75 ಸಾವಿರ ಡಾಲರಿಗೆ ಹೋಯಿತು. ಅದರ ಎಷ್ಟೋ ಭಾಗಗಳು ಕಾಲಕಾಲಕ್ಕೆ ಬದಲಾಗಿದ್ದವು. ಆದರೆ ಅಲ್ಲಿ ಕಥೆಗೆ ದಾಖಲೆಯಿತ್ತು. ದಾಖಲೆಯಿಲ್ಲದ ಕಥೆಯನ್ನು ಕೇಳಿ ಸಂತೋಷಪಡಿ, ಅದಕ್ಕೆ ದುಡ್ಡು ಕೊಡಬೇಡಿ. ಮರಕ್ಕೆ, ತಂತಿಗೆ, ನಿಮ್ಮ ಕಿವಿ ಒಪ್ಪಿದ ದನಿಗೆ ಕೊಡಿ. ಕೊಡುವ ಮುನ್ನ, ಮಾರುವವರ ಮನಸ್ಸು ನೋಯದಂತೆ, ಫಲಕವನ್ನು ಬಿಚ್ಚಿ ನೋಡಿ.