ಮಿಲಿಟರಿ ಟ್ರೇಲರ್ ಮತ್ತು ನಮ್ಮ ಸಣ್ಣ ಗಾಡಿ

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಹಕಾರ ತತ್ವದ ಬಗ್ಗೆ ಮಾತಾಡುವವರು ಬಲ್ಲವರು ಬಹಳ ಮಂದಿ ಇದ್ದಾರೆ. ನಾನು ಎಸ್.ಎಸ್.ಎಲ್.ಸಿ. ತನಕ ಓದಿ ಒಕ್ಕಲುತನಕ್ಕೆ ನಿಂತವ. ಅದಕ್ಕಾಗಿ ದೊಡ್ಡ ಮಾತು ಬಿಟ್ಟು, ಈ ವರ್ಷ ನಮ್ಮ ಸಾಲದ ಅರ್ಜಿಗಳಲ್ಲಿ ಮೇಲಿಂದ ಮೇಲೆ ಬರುತ್ತಿರುವ ಒಂದು ಸಾಮಾನಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಅದು ಮಿಲಿಟರಿಯವರು ಹರಾಜು ಹಾಕಿದ ಹಳೆಯ ಟ್ರೇಲರ್.

ನಮ್ಮ ಹುಡುಗರ ವಿಚಾರ ತಪ್ಪು ಅಂತ ನಾನು ಅನ್ನೋದಿಲ್ಲ. ಟ್ರ್ಯಾಕ್ಟರ್ ಎಲ್ಲರ ಮನೆಯಲ್ಲಿ ಇಲ್ಲ. ಬೊಲೆರೊ, ಹಳೇ ಜಿಪ್ಸಿ, ಜೀಪು ಇವೆ. ಅದರ ಹಿಂದೆ ಒಂದು ಟ್ರೇಲರ್ ಕಟ್ಟಿದರೆ ಇಂಡಿ ಮಾರ್ಕೆಟ್ಟಿಗೆ ನಿಂಬೆ ಒಯ್ಯಬಹುದು, ಬ್ಯಾಸಿಗ್ಯಾಗ ಗಿಡಕ್ಕೆ ನೀರು ತರಬಹುದು. ಮಿಲಿಟರಿ ಸಾಮಾನು ಗಟ್ಟಿ, ದರಾನೂ ಕಡಿಮೆ. ಆದರೆ ಅದು ಗಟ್ಟಿ ಇರೋದೇ ಇಲ್ಲಿ ತ್ರಾಸಿನ ಮೂಲ. ಗಟ್ಟಿ ಅಂದ್ರ ಭಾರ.

"ನಮ್ಮ ಗಾಡಿ ಎಳೀತದ್ರಿ, ನಾವು ನೋಡೇವಿ" ಅಂತ ಎಲ್ಲರೂ ಹೇಳುತ್ತಾರೆ. ಎಳೆಯುತ್ತದೆ, ಖರೆ. ಒಂದನೇ ಗೇರಿನಲ್ಲಿ ಎರಡು ಟನ್ ಕೂಡ ಎಳೆದೀತು. ನಾವು ಕೇಳಬೇಕಾದದ್ದು, ಅದು ನಿಲ್ಲಿಸುತ್ತದೋ ಇಲ್ಲೋ ಅಂತ. ಹೋದ ಬ್ಯಾಸಿಗ್ಯಾಗ ಹೊಳಿ ದಂಡಿಯ ಇಳುಕಲಿನಲ್ಲಿ ನೀರಿನ ಟ್ರೇಲರ್ ಜೀಪನ್ನು ಹಿಂದಿನಿಂದ ನೂಕಿ ಅಡ್ಡ ತಿರುಗಿಸಿದ್ದನ್ನು ನಿಮ್ಮಲ್ಲಿ ಕೆಲವರು ಕಣ್ಣಾರೆ ಕಂಡೀರಿ. ಎಮ್ಮೆ ಸತ್ತಿತು, ಹುಡುಗ ಉಳಿದ. ಆ ಜೀಪಿನ ಬ್ರೇಕ್ ಚೆನ್ನಾಗೇ ಇತ್ತು. ಟ್ರೇಲರಿಗೆ ಬ್ರೇಕೇ ಇರಲಿಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ತನ್ನ ವಿಲ್ಲಿಸ್ ಜೀಪಿಗೆ ಕಟ್ಟಿದ್ದು ಕಾಲು ಟನ್ನಿನ ಟ್ರೇಲರ್. ಜೀಪಿನ ತೂಕ ಸುಮಾರು 1100 ಕಿಲೋ. ಟ್ರೇಲರ್ ಖಾಲಿ 250 ಕಿಲೋ, ಅಡ್ಡದಾರಿಯಲ್ಲಿ ಅದರ ಮೇಲಿನ ಮಾಲು ಸುಮಾರು 225 ಕಿಲೋ. ಎರಡೂ ಕೂಡಿ ಜೀಪಿನ ಅರ್ಧಕ್ಕಿಂತ ಕಡಿಮೆ. ಯುದ್ಧದ ಅವಸರದಲ್ಲಿದ್ದವರೂ ಈ ಲೆಕ್ಕ ಬಿಡಲಿಲ್ಲ. ಇಂಗ್ಲೆಂಡಿನಲ್ಲಿ ಇವತ್ತಿಗೂ, ಬ್ರೇಕ್ ಇಲ್ಲದ ಟ್ರೇಲರ್ ಮಾಲು ಸಮೇತ 750 ಕಿಲೋ ದಾಟಬಾರದು, ಎಳೆಯುವ ಗಾಡಿಯ ತೂಕದ ಅರ್ಧವನ್ನೂ ದಾಟಬಾರದು, ಎರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ ಎಂಬ ನಿಯಮ ಇದೆ.

ಇದೇ ಅಳತೆ ನಮ್ಮ ಗಾಡಿಗಳಿಗೆ ಹಚ್ಚಿರಿ. ಜಿಪ್ಸಿ ಹೆಚ್ಚುಕಡಿಮೆ ಒಂದು ಟನ್, ಅದಕ್ಕೆ 500 ಕಿಲೋ. ಜಿಮ್ನಿ 1200 ಕಿಲೋ ಹಿಡಿದರೆ 600. ಬೊಲೆರೊ 1600 ಹಿಡಿದರೂ 750ಕ್ಕೆ ನಿಲ್ಲಬೇಕು. ಇದು ಮಾಲಿನ ತೂಕ ಅಲ್ಲ, ಟ್ರೇಲರ್ ಮತ್ತು ಮಾಲು ಎರಡೂ ಕೂಡಿ. ಅಮೆರಿಕದ ಮುಕ್ಕಾಲು ಟನ್ನಿನ ಮಿಲಿಟರಿ ಟ್ರೇಲರ್ ಖಾಲಿ ಇದ್ದಾಗಲೇ 600 ಕಿಲೋ ಆಸುಪಾಸು ತೂಗುತ್ತದೆ. ನಮ್ಮಲ್ಲಿ ಹರಾಜಿಗೆ ಬರುವ ಒಂದು ಟನ್ನಿನದು ಅದಕ್ಕಿಂತ ಹಗುರ ಇರಲಿಕ್ಕಿಲ್ಲ. ಅಂದಮೇಲೆ ಜಿಪ್ಸಿಗೆ ಅದು ಖಾಲಿ ಇದ್ದರೂ ಹೆಚ್ಚಾಯಿತು. ಒಂದು ನಿಂಬೆಹಣ್ಣು ಇಡಲಿಕ್ಕೂ ಜಾಗ ಉಳಿಯಲಿಲ್ಲ.

ಮಾಲಿನ ತೂಕವನ್ನು ನಾವು ಕಣ್ಣಳತೆಯಲ್ಲಿ ಹೇಳುತ್ತೇವೆ. ಸಾವಿರ ಹಣ್ಣಿನ ಒಂದು ಡಾಗ, ಹಣ್ಣಿಗೆ 45 ಗ್ರಾಂ ಹಿಡಿದರೂ 45 ಕಿಲೋ. ಇಪ್ಪತ್ತು ಡಾಗ ಹೇರಿದರೆ 900 ಕಿಲೋ. ಸಾವಿರ ಲೀಟರ್ ನೀರು ಅಂದರೆ ಪೂರಾ ಒಂದು ಟನ್. ನೀರಿನದು ಇನ್ನೊಂದು ಕಿತಾಪತಿ ಇದೆ. ಟ್ಯಾಂಕು ಅರ್ಧ ಇದ್ದಾಗ ನೀರು ತುಳುಕಾಡಿ ಗಾಡಿಯನ್ನು ಹಿಂದಮುಂದ ಜಗ್ಗುತ್ತದೆ. ಅದಕ್ಕೆ ಟ್ಯಾಂಕಿನೊಳಗೆ ಅಡ್ಡ ತಗಡು ಇರಬೇಕು, ಇಲ್ಲದಿದ್ದರೆ ಸಣ್ಣ ಟ್ಯಾಂಕು ತಂದು ಪೂರಾ ತುಂಬಬೇಕು.

ಭಾರ ಎಲ್ಲಿ ಹೇರಬೇಕು ಅನ್ನೋದನ್ನು ನಮ್ಮ ಎತ್ತಿನ ಬಂಡಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಹಿಂದೆ ಭಾರ ಆದರೆ ಮೂಕಿ ಮ್ಯಾಲೆ ಏಳುತ್ತದೆ, ಮುಂದೆ ಬಹಳ ಆದರೆ ಎತ್ತಿನ ಹೆಗಲು ಸುಲಿಯುತ್ತದೆ. ಟ್ರೇಲರಿನದೂ ಅದೇ ನಮೂನಿ. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮುಂದಿನ ಉಂಗುರದ ಮೇಲೆ ಕೂಡಬೇಕು. 600 ಕಿಲೋ ಇದ್ದರೆ 60ರಿಂದ 90. ಕೊಕ್ಕೆ ಮತ್ತು ಗಾಡಿಯ ಹಿಂದಿನ ಸ್ಪ್ರಿಂಗು ಅಷ್ಟು ತಾಳುವಂಗ ಇರಬೇಕು. ಹಿಂದೆ ಭಾರ ಬಿದ್ದ ಟ್ರೇಲರ್ ಜೋರು ಹೋದಾಗ ನಾಯಿ ಬಾಲ ಆಡಿಸಿದಂಗ ಬೀಸಲಿಕ್ಕೆ ಹತ್ತುತ್ತದೆ. ಹಾಗೆ ಬೀಸಿದಾಗ ಸ್ಟೇರಿಂಗ್ ಅತ್ತಿತ್ತ ತಿರುವಬೇಡಿರಿ, ಬ್ರೇಕು ಗಟ್ಟಿಯಾಗಿ ತುಳಿಯಬೇಡಿರಿ. ಸ್ಟೇರಿಂಗ್ ನೆಟ್ಟಗೆ ಹಿಡಿದು ಎಕ್ಸಲೇಟರಿನಿಂದ ಕಾಲು ತೆಗೆದು ತಾನಾಗಿ ನಿಧಾನ ಆಗಲಿಕ್ಕೆ ಬಿಡಿರಿ. ಆಮೇಲೆ ಬದಿಗೆ ನಿಲ್ಲಿಸಿ ಮಾಲು ಮುಂದೆ ಸರಿಸಿರಿ.

ಜೋಡಣೆ ಬಗ್ಗೆ ಹೇಳಲೇಬೇಕು. ಮಿಲಿಟರಿ ಟ್ರೇಲರಿನ ಮೂತಿಗೆ ದಪ್ಪ ಉಂಗುರ ಇರುತ್ತದೆ, ಅದಕ್ಕೆ ಬಾಯಿ ಮುಚ್ಚುವ ಕೊಕ್ಕೆಯೇ ಬೇಕು. ಕಾರಿಗೆ ಹಚ್ಚುವ ಗುಂಡು ಅದಕ್ಕೆ ಹೊಂದೋದಿಲ್ಲ. ನಮ್ಮ ಕಡೆ ವೆಲ್ಡಿಂಗ್ ಅಂಗಡಿಯಲ್ಲಿ ಬಂಪರಿಗೇ ಕೊಕ್ಕೆ ಬೆಸೆದು ಕೊಡುತ್ತಾರೆ. ಬಂಪರ್ ತಗಡಿನದು, ಹರಿದು ಬರುತ್ತದೆ. ಕೊಕ್ಕೆ ಚಾಸಿಗೆ ದಪ್ಪ ಪಟ್ಟಿ ಕೊಟ್ಟು ನಟ್ಟುಬೋಲ್ಟಿನಿಂದ ಕೂಡಬೇಕು. ಟ್ರೇಲರ್ ನೆಲಕ್ಕೆ ಸಮನಾಗಿ ನಿಲ್ಲುವ ಎತ್ತರದಲ್ಲಿ ಇರಬೇಕು, ಮೂತಿ ಆಕಾಶ ನೋಡಬಾರದು. ಕೊಕ್ಕೆ ಮುಚ್ಚಿದ ಮೇಲೆ ಅದರ ಪಿನ್ನು ಮರೆಯಬೇಡಿರಿ. ಎರಡು ಸರಪಳಿಗಳನ್ನು ಮೂತಿಯ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯಿಸಿ ಗಾಡಿಗೆ ಕಟ್ಟಿರಿ. ಉಂಗುರ ಕಳಚಿದರೂ ಮೂತಿ ಸರಪಳಿಯ ಮೇಲೆ ಕೂಡುತ್ತದೆ, ರಸ್ತೆಗೆ ನೆಟ್ಟು ಪಲ್ಟಿ ಆಗೋದಿಲ್ಲ.

ಟೈರಿನ ವಿಷಯದಲ್ಲಿ ಮೋಸ ಹೋಗೋದು ಸುಲಭ. ಮಿಲಿಟರಿ ಗಾಡಿ ಬಹಳ ದಿನ ನಿಂತಲ್ಲೇ ನಿಂತಿರುತ್ತದೆ, ಟೈರಿನ ಹಲ್ಲು ಹೊಸದರಂಗ ಕಾಣುತ್ತವೆ. ಬದಿಯಲ್ಲಿ ನಾಲ್ಕು ಅಂಕಿ ಹುಡುಕಿರಿ. 1508 ಅಂತ ಇದ್ದರೆ 2008ರ ಹದಿನೈದನೇ ವಾರದ ಟೈರು. ಅಂಥದ್ದು ಬಿಸಿಲಿನಲ್ಲಿ ಭಾರ ಬಿದ್ದರೆ ಸಿಡಿಯುತ್ತದೆ. ಬೇರಿಂಗು ಬಿಚ್ಚಿಸಿ ಗ್ರೀಸು ಹಚ್ಚಿಸಿರಿ. ಲೈಟು 24 ವೋಲ್ಟಿನವು ಇರಬಹುದು, ನಮ್ಮ ಗಾಡಿ 12 ವೋಲ್ಟ್. ಬಲ್ಬು ಬದಲಿಸದಿದ್ದರೆ ಮಿಣಕ್ ಮಿಣಕ್ ಅಂತಾವ. ಸುಗ್ಗಿಯಲ್ಲಿ ಕಬ್ಬಿನ ಟ್ರೇಲರುಗಳು ಕತ್ತಲಲ್ಲಿ ಲೈಟಿಲ್ಲದೆ ನಿಂತು ಎಷ್ಟು ಮನೆ ಹಾಳು ಮಾಡ್ಯಾವ ಅಂತ ನಿಮಗೆ ಗೊತ್ತದ. ಹಿಂದೆ ಕೆಂಪು ರಿಫ್ಲೆಕ್ಟರ್ ಎರಡು ಬಡಿಸಿರಿ, ಬಹಳ ಖರ್ಚಿಲ್ಲ.

ಇಳುಕಲಿನಲ್ಲಿ ಡೀಸೆಲ್ ಉಳಿಸಲಿಕ್ಕೆ ನ್ಯೂಟ್ರಲ್ ಮಾಡುವ ಚಟ ಬಿಡಬೇಕು. ಏರು ಹತ್ತುವ ಗೇರಿನಲ್ಲೇ ಇಳಿಯಬೇಕು. 30ರಲ್ಲಿ ಹೋಗುವ ಗಾಡಿ 60ಕ್ಕೆ ಏರಿದರೆ ಅದನ್ನು ನಿಲ್ಲಿಸುವ ಕೆಲಸ ಎರಡು ಪಟ್ಟು ಅಲ್ಲ, ನಾಲ್ಕು ಪಟ್ಟು. ನಿಲ್ಲಿಸಿದ ಮೇಲೆ ಗಾಲಿಗೆ ಕಲ್ಲು ಕೊಟ್ಟೇ ಕೊಕ್ಕೆ ಬಿಚ್ಚಿರಿ. ಇನ್ನು ಪಂಢರಪುರ, ತುಳಜಾಪುರ ಅಂತ ಮಂದಿಯನ್ನು ತುಂಬಿಕೊಂಡು ಹೋಗುವ ವಿಚಾರ ಯಾರ ತಲೆಯಲ್ಲಾದರೂ ಇದ್ದರೆ ಇಲ್ಲೇ ಬಿಟ್ಟು ಹೋಗಿರಿ. ದೇವರು ಬಸ್ಸಿನಲ್ಲಿ ಹೋದರೂ ದರ್ಶನ ಕೊಡುತ್ತಾನೆ.

ಕಾಗದಪತ್ರದ ಮಾತು ಸಂಘಕ್ಕೆ ನೇರ ಸಂಬಂಧಿಸಿದ್ದು. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರೇಲರಿಗೆ ತನ್ನದೇ ನೋಂದಣಿ ನಂಬರು ಬೇಕು, ಅದು ಬದಿಯಲ್ಲಿ ಕಾಣಬೇಕು. ಹಿಂದೆ ಎಳೆಯುವ ಗಾಡಿಯ ನಂಬರು ಇರಬೇಕು. ಗುಜರಿ ಅಂತ ಮಾರಿದ ಮಾಲನ್ನು ತಂದು ಬಣ್ಣ ಬಳಿದರೆ ಅದು ಗಾಡಿ ಆಗೋದಿಲ್ಲ. ಹರಾಜಿನ ಮೂಲ ಕಾಗದ ನೋಡದೆ ಮುಂಗಡ ಕೊಡಬೇಡಿರಿ. ವಿಮೆಯಲ್ಲಿ ಟ್ರೇಲರನ್ನು ಬೇರೆಯಾಗಿ ಬರೆಸಿರಿ.

ಆದ್ದರಿಂದ ಸಾಲದ ಅರ್ಜಿ ಮಂಡಳಿ ಮುಂದೆ ಬಂದಾಗ ನಾನು ಇಷ್ಟು ಕೇಳುವವನಿದ್ದೇನೆ: ನೋಂದಣಿ ಆದೀತೋ ಇಲ್ಲೋ, ಖಾಲಿ ತೂಕ ಎಷ್ಟು, ಎಳೆಯುವ ಗಾಡಿ ಯಾವುದು. ಸಣ್ಣ ಗಾಡಿಗೆ ಕಾಲು ಟನ್ನಿನ ಟ್ರೇಲರ್ ಆದರೆ ಕೈ ಎತ್ತುತ್ತೇನೆ. ಒಂದು ಟನ್ನಿನದಕ್ಕೆ ಟ್ರ್ಯಾಕ್ಟರ್ ಇದ್ದರೆ ಸರಿ, ಇಲ್ಲದಿದ್ದರೆ ನನ್ನ ಒಪ್ಪಿಗೆ ಇಲ್ಲ. ಅರ್ಜಿ ಕೊಟ್ಟವರಲ್ಲಿ ನನ್ನ ಸ್ವಂತ ಅಳಿಯನೂ ಇದ್ದಾನೆ, ಅವನಿಗೂ ಇದನ್ನೇ ಹೇಳೇನಿ. ಎರಡು ದಿನ ಮಾತಾಡಲಿಲ್ಲ.

ಈಗಾಗಲೇ ತಂದವರು ಪೂರಾ ಟ್ರೇಲರನ್ನು ಕಾಟಾದ ಮೇಲೆ ಖಾಲಿ ಒಮ್ಮೆ, ತುಂಬಿ ಒಮ್ಮೆ ತೂಗಿಸಿ ಚೀಟಿ ಇಟ್ಟುಕೊಳ್ಳಿರಿ. ಮೂತಿಯ ಭಾರ ನೋಡಲಿಕ್ಕೆ ನಮ್ಮ ಗೊಬ್ಬರದ ಗೋದಾಮಿನ ತಕ್ಕಡಿ ಸಾಕು. ಅದರ ಮೇಲೆ ಕೊಕ್ಕೆಯಷ್ಟು ಎತ್ತರ ಕಟ್ಟಿಗೆ ಇಟ್ಟು ಉಂಗುರ ಇಳಿಸಿದರಾಯಿತು, ಕಟ್ಟಿಗೆಯ ತೂಕ ಕಳೆಯಿರಿ. ಗೊಬ್ಬರದ ಪಾಳಿ ಇಲ್ಲದ ದಿನ ಮುಂಜಾನೆ ಬರ್ರಿ, ನಾನೂ ಇರುತ್ತೇನೆ. ಅದಕ್ಕೆ ಸಂಘ ದುಡ್ಡು ತಗೊಳ್ಳೋದಿಲ್ಲ.